ಕನ್ನೂಬಿ: ಒಂದು ಗುಡ್ಡ ದ್ರಾಕ್ಷಿಗೆ ಕೊಡುವ ಕಾಲಾವಕಾಶ

ಚಳಿಗಾಲ ಮುಗಿಯುವ ಹೊತ್ತಿಗೆ ಯಾವ ಇಳಿಜಾರಿನಲ್ಲಿ ಹಿಮ ಮೊದಲು ಕರಗಿ ಮಣ್ಣು ಕಾಣಿಸುತ್ತದೆಯೋ ಅಲ್ಲಿಯೇ ನೆಬ್ಬಿಯೋಲೋ ಬಳ್ಳಿಯನ್ನು ನೆಡಬೇಕೆಂಬುದು ಇಟಲಿಯ ಲಾಂಗೆ ಗುಡ್ಡಸಾಲಿನ ರೈತರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ರೂಢಿ. ಮಣ್ಣು ಪರೀಕ್ಷೆಯ ಪ್ರಯೋಗಾಲಯಗಳಾಗಲಿ ಹವಾಮಾನ ಮಾಪನ ಕೇಂದ್ರಗಳಾಗಲಿ ಇಲ್ಲದಿದ್ದ ಕಾಲದಲ್ಲಿ ಒಂದೊಂದು ಹೊಲದ ಬಿಸುಪನ್ನು ಅಳೆಯಲು ಅವರಿಗೆ ಆ ಹಿಮವೇ ಸಾಕಾಗಿತ್ತು. ಬರೋಲೋ ಎಂಬ ಪುಟ್ಟ ಊರಿನ ಅಂಚಿನಿಂದ ಹೊರಟು ಈಶಾನ್ಯಕ್ಕೆ ಉದ್ದವಾಗಿ ಚಾಚಿಕೊಂಡಿರುವ ಕನ್ನೂಬಿ ಗುಡ್ಡವು ಹೀಗೆ ಬಹಳ ಹಿಂದೆಯೇ ಗುರುತಿಸಿಕೊಂಡ ನೆಲ. ಹತ್ತಿರದ ಬ್ರಾ ಪಟ್ಟಣದ ಒಂದು ಕುಟುಂಬದಲ್ಲಿ ಉಳಿದುಕೊಂಡಿರುವ ಹಳೆಯ ಬಾಟಲಿಯೊಂದರ ಮೇಲೆ ಈ ಗುಡ್ಡದ ಹೆಸರೂ 1752 ಎಂಬ ಇಸವಿಯೂ ಇವೆ. ನೆಬ್ಬಿಯೋಲೋ ದ್ರಾಕ್ಷಿಯಿಂದ ಮಾಡುವ, ಆ ಊರಿನದೇ ಹೆಸರಿನ ಬರೋಲೋ ವೈನ್‌ಗೆ ಇಂದಿನ ಸ್ವರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಂದರೆ ವೈನ್‌ನ ಖ್ಯಾತಿಗಿಂತ ಗುಡ್ಡದ ಖ್ಯಾತಿಯೇ ಹಳೆಯದು.

ವೈನ್‌ನ ರಸಿಕತೆಗಿಂತ ನೆಲದ ಮೇಲಿನ ಕುತೂಹಲವೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು. ಒಂದೇ ತಳಿಯ ಬಳ್ಳಿ, ಒಂದೇ ಬಗೆಯ ಕೃಷಿ, ಕೂಗಳತೆಯ ದೂರದ ಎರಡು ಹೊಲಗಳು. ಆದರೂ ಒಂದರ ವೈನ್‌ಗೆ ಇನ್ನೊಂದರ ಹಲವು ಪಟ್ಟು ಬೆಲೆ. ಇದು ಬರೀ ಹೆಸರಿನ ಮಹಿಮೆಯೋ, ನೆಲದಲ್ಲಿ ನಿಜವಾಗಿ ಏನಾದರೂ ಇದೆಯೋ ಎಂಬ ಪ್ರಶ್ನೆಯನ್ನು ಹಿಡಿದು ಓದುತ್ತ, ಅಲ್ಲಿ ನಡೆದಾಡುತ್ತ ನಾನು ತಲುಪಿದ ಅಭಿಪ್ರಾಯ ಇಷ್ಟು: ಕನ್ನೂಬಿಯ ಮಣ್ಣು, ಇಳಿಜಾರು, ಹವೆ ಈ ಮೂರೂ ಬೇರೆ ಬೇರೆ ದಾರಿಗಳಿಂದ ಮಾಡುವುದು ಒಂದೇ ಕೆಲಸವನ್ನು. ನಿಧಾನವಾಗಿ ಹಣ್ಣಾಗುವ ಒಂದು ತಳಿಗೆ, ಚಳಿ ಬಂದು ಬಾಗಿಲು ಮುಚ್ಚುವ ಮೊದಲು, ಬೇಕಾದಷ್ಟು ಕಾಲಾವಕಾಶವನ್ನು ಅವು ಒದಗಿಸಿಕೊಡುತ್ತವೆ.

ಆದ್ದರಿಂದ ಮೊದಲು ಆ ತಳಿಯ ಸ್ವಭಾವವನ್ನೇ ನೋಡಬೇಕು. ನೆಬ್ಬಿಯೋಲೋ ಏಪ್ರಿಲ್‌ನಲ್ಲಿ ಉಳಿದ ತಳಿಗಳಿಗಿಂತ ಮೊದಲೇ ಚಿಗುರುತ್ತದೆ ಮತ್ತು ಎಲ್ಲವುಗಳಿಗಿಂತ ತಡವಾಗಿ, ಅಕ್ಟೋಬರ್‌ನಲ್ಲಿ, ಕೊಯ್ಲಿಗೆ ಬರುತ್ತದೆ. ಬೇಗ ಚಿಗುರುವುದರಿಂದ ವಸಂತದ ಹೆಪ್ಪುಗಟ್ಟಿಸುವ ಚಳಿಗೆ ಕುಡಿಗಳು ಸುಟ್ಟುಹೋಗುವ ಭಯ. ತಡವಾಗಿ ಮಾಗುವುದರಿಂದ ಶರತ್ಕಾಲದ ಮಳೆಗೆ ಗೊಂಚಲು ಕೊಳೆಯುವ ಭಯ. ಕಡ್ಡಿಯ ಬುಡದ ಒಂದೆರಡು ಕಣ್ಣುಗಳು ಫಲ ಕೊಡುವುದಿಲ್ಲವಾದ್ದರಿಂದ ಸವರುವಾಗ ಕಡ್ಡಿಯನ್ನು ಉದ್ದವಾಗಿಯೇ ಬಿಡಬೇಕು. ಹಣ್ಣಿನ ಸಿಪ್ಪೆ ತೆಳು, ವೈನ್‌ನ ಬಣ್ಣ ತಿಳಿ, ಆದರೆ ಹುಳಿಯೂ ಒಗರೂ ವಿಪರೀತ. ಆ ಒಗರು, ಅಂದರೆ ಟ್ಯಾನಿನ್, ಪೂರ್ತಿ ಹಣ್ಣಾಗದೆ ಹೋದರೆ ವೈನ್ ನಾಲಿಗೆಯನ್ನು ಹಿಂಡುತ್ತದೆ. ಹಣ್ಣಾದರೆ ಅದೇ ಒಗರು ವೈನ್ ಅನ್ನು ದಶಕಗಳ ಕಾಲ ಹಿಡಿದು ನಿಲ್ಲಿಸುತ್ತದೆ. ಬರೋಲೋ ವೈನ್ ಮಾರಾಟಕ್ಕೆ ಬರುವ ಮೊದಲು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಕಳೆಯಬೇಕೆಂಬ ಕಾನೂನಿನ ಹಿಂದೆ ಇರುವುದೂ ಈ ಒಗರೇ.

ಕರ್ನಾಟಕದ ದ್ರಾಕ್ಷಿ ಬೆಳೆಗಾರರಿಗೆ ಈ ಅವಸರ ವಿಚಿತ್ರವಾಗಿ ಕಾಣಬಹುದು. ವಿಜಯಪುರದ ಕಡೆ ಬಳ್ಳಿ ಚಳಿಗಾಲದಲ್ಲಿ ನಿದ್ರೆಗೆ ಹೋಗುವುದೇ ಇಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಸವರಿ, ಫಸಲು ಯಾವಾಗ ಬರಬೇಕೆಂಬುದನ್ನು ರೈತರೇ ಬಹುಮಟ್ಟಿಗೆ ನಿರ್ಧರಿಸುತ್ತಾರೆ. ಸುಮಾರು 44.6 ಡಿಗ್ರಿ ಉತ್ತರ ಅಕ್ಷಾಂಶದ ಬರೋಲೋದಲ್ಲಿ ಆ ಅಧಿಕಾರ ರೈತರ ಕೈಯಲ್ಲಿಲ್ಲ. ಅಲ್ಲಿ ಋತು ಒಂದೇ ಸಲ ತೆರೆದು ಒಂದೇ ಸಲ ಮುಚ್ಚುತ್ತದೆ. ಆ ಅವಧಿಯನ್ನು ಎರಡೂ ತುದಿಗಳಲ್ಲಿ ಒಂದೊಂದು ವಾರ ಹಿಗ್ಗಿಸಬಲ್ಲ ಜಾಗವೇ ಅಲ್ಲಿ ಒಳ್ಳೆಯ ಜಾಗ.

ಮಣ್ಣಿನ ಕತೆ ಸಮುದ್ರದಿಂದ ಶುರುವಾಗುತ್ತದೆ. ಇಂದು ಪೋ ನದಿಯ ಬಯಲಾಗಿರುವ ಪ್ರದೇಶ ಒಂದು ಕಾಲದಲ್ಲಿ ಕೊಲ್ಲಿಯಾಗಿತ್ತು. ಸುಮಾರು 1.1 ಕೋಟಿಯಿಂದ 70 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ ಆ ಕಡಲ ತಳಕ್ಕೆ ಇಳಿದು ಕೂತ ನುಣುಪು ಜೇಡಿ ಮತ್ತು ಸುಣ್ಣದ ಕಣಗಳು ಒತ್ತಿಕೊಂಡು ಮಾರ್ಲ್ ಎಂಬ ನೀಲಿ ಛಾಯೆಯ ಬೂದು ಪದರವಾದವು. ಭೂವಿಜ್ಞಾನಿಗಳು ಇದನ್ನು ಸಾಂತ ಅಗಾತ ಫಾಸ್ಸಿಲಿ ಮಾರ್ಲ್ ಎಂದು ಕರೆಯುತ್ತಾರೆ. ಲಾ ಮೊರ್ರಾ ಮತ್ತು ಬರೋಲೋ ಊರುಗಳ ಹೆಚ್ಚಿನ ತೋಟಗಳು ಇರುವುದು ಇದರ ಮೇಲೆಯೇ. ಪೂರ್ವಕ್ಕೆ ಹೋದಂತೆ, ಸೆರ್ರಾಲುಂಗಾ ದಿಣ್ಣೆಯಲ್ಲಿ, ಇದಕ್ಕಿಂತ ಹಳೆಯ, ಸುಣ್ಣ ಹೆಚ್ಚಿರುವ ಮಾರ್ಲ್ ಮತ್ತು ಮರಳುಗಲ್ಲಿನ ಪದರಗಳು ಒಂದರ ಮೇಲೊಂದು ಬರುತ್ತವೆ. ನಡುವೆ ಕಸ್ತಿಲ್ಯೋನೆ ಫಲ್ಲೆತ್ತೋ ಸುತ್ತಮುತ್ತ ದಿಯಾನೋ ಮರಳುಗಲ್ಲು ಎಂಬ ಹಳದಿ ಪದರ ಮೇಲೆದ್ದು ಬಂದಿದೆ. ನೆಲ ಮೇಲಕ್ಕೇರಿ ಕಡಲು ಹಿಂದೆ ಸರಿದ ಮೇಲೆ, ಹಿಂದೊಮ್ಮೆ ಉತ್ತರಕ್ಕೆ ಹರಿಯುತ್ತಿದ್ದ ತನಾರೋ ನದಿ ಬ್ರಾ ಬಳಿ ದಿಕ್ಕು ಬದಲಿಸಿ ಪೂರ್ವಕ್ಕೆ, ತಗ್ಗಿನ ದಾರಿಗೆ ತಿರುಗಿತು. ನದಿಯ ಪಾತ್ರ ಆಳಕ್ಕಿಳಿದಂತೆ ಅದರ ಉಪಹಳ್ಳಗಳೂ ಮೆತ್ತನೆಯ ಮಾರ್ಲ್ ಅನ್ನು ಕೊರೆಯುತ್ತ ಹೋದವು. ಇಂದು ನೋಡುವ ಕಡಿದಾದ ಲಾಂಗೆ ಗುಡ್ಡಗಳು ಆ ಕೊರೆತದ ಫಲ.

ಕನ್ನೂಬಿಯ ವಿಶೇಷವೆಂದರೆ ಸಾಂತ ಅಗಾತ ಮಾರ್ಲ್ ಮತ್ತು ದಿಯಾನೋ ಮರಳು ಇಲ್ಲಿ ಕೂಡಿಕೊಂಡಿವೆ. ಮಳೆ ಬಿದ್ದ ಮಾರನೆಯ ದಿನ ಲಾ ಮೊರ್ರಾದ ತೋಟವೊಂದರಲ್ಲಿ ನಡೆದರೆ ಬೂಟಿನ ಅಟ್ಟೆಗೆ ಬೂದು ಜೇಡಿ ಅಂಟಿಕೊಂಡು ಕಾಲು ಭಾರವಾಗುತ್ತದೆ. ಕನ್ನೂಬಿಯ ಸಾಲುಗಳ ನಡುವೆ ಅದೇ ದಿನ ನಡೆದರೆ ಅಷ್ಟು ಅಂಟು ಇಲ್ಲ. ಹಿಡಿ ಮಣ್ಣೆತ್ತಿ ಹಿಸುಕಿದರೆ ಮೊದಲು ಉಂಡೆಯಾಗುತ್ತದೆ, ಹೆಬ್ಬೆರಳಿನಿಂದ ಒತ್ತಿದಾಗ ಉದುರುತ್ತದೆ, ಬೆರಳ ಸಂದಿನಲ್ಲಿ ಸಣ್ಣ ಮರಳು ಉಳಿಯುತ್ತದೆ. ಒಣಗಿದ ಹೆಂಟೆಯ ಬಣ್ಣ ಬಿಳಿಚಿದ ಬೂದಿಯದು, ನಡುನಡುವೆ ಹಳದಿ. ಅದರ ಮೇಲೆ ಒಂದು ಹನಿ ದುರ್ಬಲ ಆಮ್ಲ ಬಿಟ್ಟರೆ ಸುಣ್ಣ ನೊರೆಯೇಳುತ್ತದೆ.

ಈ ಬೆರಕೆಯ ಕೆಲಸವೇನು? ಮಣ್ಣಿನ ರುಚಿ ಬೇರಿನ ಮೂಲಕ ಏರಿ ಹಣ್ಣಿಗೆ ಇಳಿಯುತ್ತದೆ ಎಂಬ ಮಾತು ವೈನ್ ಬರಹಗಳಲ್ಲಿ ಎಲ್ಲೆಡೆ ಕಾಣುತ್ತದೆ. ಅದನ್ನು ನಾನು ಒಪ್ಪಲಾರೆ. ಬೇರು ಹೀರಿಕೊಳ್ಳುವುದು ನೀರಿನಲ್ಲಿ ಕರಗಿದ ಲವಣಾಂಶಗಳನ್ನು. ಸುಣ್ಣಗಲ್ಲಿಗಾಗಲಿ ಮರಳುಗಲ್ಲಿಗಾಗಲಿ ವೈನ್‌ನಲ್ಲಿ ಗುರುತಿಸಬಹುದಾದ ರುಚಿ ಇಲ್ಲ. ಮಣ್ಣು ಕೆಲಸ ಮಾಡುವುದು ಮುಖ್ಯವಾಗಿ ನೀರಿನ ಮೂಲಕ, ಆಮೇಲೆ ಬಿಸಿಯ ಮೂಲಕ. ಜೇಡಿ ಮತ್ತು ಸುಣ್ಣ ಸೇರಿದ ಮಾರ್ಲ್ ಚಳಿಗಾಲದ ಹಿಮ ಮತ್ತು ವಸಂತದ ಮಳೆಯ ನೀರನ್ನು ಆಳದಲ್ಲಿ ಹಿಡಿದಿಟ್ಟು ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಮರಳು ಮೇಲಿನ ಪದರವನ್ನು ಬೇಗ ಬಸಿಯುವಂತೆ, ಬೇಗ ಬಿಸಿಯಾಗುವಂತೆ ಮಾಡುತ್ತದೆ. ಆಗಸ್ಟ್‌ನಲ್ಲಿ ಕಾಯಿ ಬಣ್ಣ ತಿರುಗುವ ಹೊತ್ತಿಗೆ ಬಳ್ಳಿಗೆ ನೀರಿನ ಕೊರತೆ ಅಷ್ಟಿಷ್ಟು ತಟ್ಟಬೇಕು. ಆಗ ಮಾತ್ರ ಅದು ಹೊಸ ಕುಡಿ ಬಿಡುವುದನ್ನು ನಿಲ್ಲಿಸಿ ತನ್ನ ಸಕ್ಕರೆಯನ್ನು ಗೊಂಚಲಿಗೆ ತಿರುಗಿಸುತ್ತದೆ. ಕೊರತೆ ಮಿತಿಮೀರಿದರೆ ಎಲೆ ಹಳದಿಯಾಗಿ ಉದುರಿ ಮಾಗುವಿಕೆಯೇ ನಿಂತುಹೋಗುತ್ತದೆ. ಮೇಲೆ ಒಣಗಿದ್ದು ಕೆಳಗೆ ತೇವ ಉಳಿಸಿಕೊಳ್ಳುವ ನೆಲ ಈ ಎರಡರ ನಡುವಿನ ಸ್ಥಿತಿಯನ್ನು ಬಹಳ ದಿನ ಕಾಯ್ದುಕೊಳ್ಳಬಲ್ಲದು. ಕನ್ನೂಬಿಯ ವೈನ್‌ನ ಒಗರು ಸೆರ್ರಾಲುಂಗಾದ್ದಕ್ಕಿಂತ ಮೃದು, ಪರಿಮಳ ಮೊದಲಿನಿಂದಲೇ ತೆರೆದದ್ದು ಎಂದು ಬಲ್ಲವರು ಹೇಳುತ್ತಾರೆ. ಮರಳು ಹೆಚ್ಚಿರುವ ಲಾಂಗೆ ತೋಟಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತೂ ಇದೇ.

ಇನ್ನೊಂದು ಸಂಗತಿಯನ್ನು ನೆಲದ ಮಹಿಮೆಯನ್ನು ಹಾಡುವವರು ಮರೆಯುವುದುಂಟು. ಈ ಮಣ್ಣಿನಲ್ಲಿ ಇಳಿದಿರುವ ಬೇರು ನೆಬ್ಬಿಯೋಲೋದ್ದಲ್ಲ. ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನು ನಾಶಮಾಡಿದ ಮೇಲೆ ಅಮೆರಿಕದ ಕಾಡುಬಳ್ಳಿಗಳಿಂದ ಪಡೆದ ಬೇರುಗಿಡದ ಮೇಲೆ ಕಸಿ ಕಟ್ಟುವುದು ಇಲ್ಲಿಯೂ ನಿಯಮವಾಯಿತು. ಸುಣ್ಣ ಹೆಚ್ಚಿರುವ ನೆಲದಲ್ಲಿ ಬಳ್ಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಬಿಳಿಚಿಕೊಳ್ಳುತ್ತದೆ. ಅದನ್ನು ತಾಳುವ, ಬೆಳವಣಿಗೆಯ ಅಬ್ಬರವನ್ನೂ ತಗ್ಗಿಸುವ 420ಎ ತರಹದ ಬೇರುಗಿಡಗಳನ್ನು ಲಾಂಗೆಯ ರೈತರು ಆರಿಸಿಕೊಂಡರು. ನಮ್ಮ ಉತ್ತರ ಕರ್ನಾಟಕದಲ್ಲಿ ಬರ ಮತ್ತು ಉಪ್ಪಿನಂಶ ತಾಳಲೆಂದು ಡಾಗ್‌ರಿಡ್ಜ್ ಬೇರುಗಿಡದ ಮೇಲೆ ಕಸಿ ಕಟ್ಟುವ ಹಾಗೆಯೇ ಇದೂ ನೆಲಕ್ಕೆ ಮನುಷ್ಯರು ಕೊಟ್ಟ ಉತ್ತರ. ಆದ್ದರಿಂದ ಕನ್ನೂಬಿಯ ಗುಣವನ್ನು ಪ್ರಕೃತಿಯ ಕೊಡುಗೆಯೆಂದಷ್ಟೇ ಹೇಳಿ ನಿಲ್ಲಿಸಿದರೆ ಅದನ್ನು ಕಾಪಾಡಿಕೊಂಡು ಬಂದ ಕೈಗಳಿಗೆ ಅನ್ಯಾಯವಾಗುತ್ತದೆ.

ಇಳಿಜಾರಿನ ವಿಷಯ ಲೆಕ್ಕಕ್ಕೆ ಸಿಗುವಂಥದ್ದು. ಅಕ್ಟೋಬರ್ ಮಧ್ಯಭಾಗದಲ್ಲಿ ಬರೋಲೋದ ಆಕಾಶದಲ್ಲಿ ನಡುಹಗಲಿನ ಸೂರ್ಯ ಏರುವುದು ಸುಮಾರು 37 ಡಿಗ್ರಿ ಎತ್ತರಕ್ಕೆ ಮಾತ್ರ. ಆ ಹೊತ್ತಿನಲ್ಲಿ ದಕ್ಷಿಣಕ್ಕೆ 15 ಡಿಗ್ರಿ ಬಾಗಿದ ಇಳಿಜಾರಿಗೆ ಬೀಳುವ ನೇರ ಬಿಸಿಲು ಸಮತಟ್ಟಾದ ಹೊಲಕ್ಕೆ ಬೀಳುವುದಕ್ಕಿಂತ ಸುಮಾರು 30 ಪ್ರತಿಶತ ಹೆಚ್ಚು. ಉತ್ತರಕ್ಕೆ ಅಷ್ಟೇ ಬಾಗಿದ ಇಳಿಜಾರಿಗೆ ಸಮತಟ್ಟಿಗಿಂತ ಸುಮಾರು 40 ಪ್ರತಿಶತ ಕಡಿಮೆ. ಒಂದೇ ಗುಡ್ಡದ ಎರಡು ಬೆನ್ನುಗಳು ಅದೇ ದಿನ ಬೇರೆ ಬೇರೆ ಋತುಗಳಲ್ಲಿರುತ್ತವೆ ಎಂದರೂ ತಪ್ಪಿಲ್ಲ. ಉತ್ತರಕ್ಕೆ ಮುಖ ಮಾಡಿದ ಇಳಿಜಾರನ್ನು ಬರೋಲೋ ತೋಟಗಳಿಗೆ ಬಳಸಬಾರದೆಂಬ ನಿಯಮ ಈ ಕಾರಣದಿಂದ ಬಂದದ್ದು. ಹಿಂದಿನ ಲಾಂಗೆ ಭೂದೃಶ್ಯವೂ ಇದೇ ಲೆಕ್ಕವನ್ನು ಅನುಸರಿಸಿತ್ತು: ಬಿಸಿಲಿನ ಮೈಗೆ ನೆಬ್ಬಿಯೋಲೋ, ಬೇಗ ಮಾಗುವ ದೋಲ್ಚೆತ್ತೋ ತಳಿಗೆ ಎತ್ತರದ ತಂಪು ಜಾಗ, ನೆರಳಿನ ಬದಿಗೆ ಹೇಜಲ್‌ನಟ್ ಗಿಡ ಅಥವಾ ಕಾಡು. ಬರೋಲೋದ ಬೆಲೆ ಏರಿದ ಮೇಲೆ ಆ ಹಳೆಯ ಹಂಚಿಕೆ ಬಹಳಷ್ಟು ಅಳಿಸಿಹೋಯಿತು. ನೆಬ್ಬಿಯೋಲೋ ಸಿಕ್ಕ ಜಾಗದಲ್ಲೆಲ್ಲ ಹಬ್ಬಿತು. ನನ್ನ ಮಟ್ಟಿಗೆ ಅದು ನಷ್ಟವೇ.

ಕನ್ನೂಬಿಯ ಮುಖ್ಯ ಮೈ ಆಗ್ನೇಯಕ್ಕೆ ತಿರುಗಿದೆ. ಹಾಗಾಗಿ ಬಿಸಿಲಿನ ಲಾಭದ ಹೆಚ್ಚಿನ ಪಾಲು ಬೆಳಗಿನ ಹೊತ್ತಿನಲ್ಲಿಯೇ ಸಿಗುತ್ತದೆ. ಶರತ್ಕಾಲದಲ್ಲಿ ರಾತ್ರಿಯಿಡೀ ಗೊಂಚಲಿನ ಮೇಲೆ ಕೂತ ಇಬ್ಬನಿ ಬೇಗ ಆರಿದರೆ ಬೂಷ್ಟು ಹಿಡಿಯುವುದು ಕಡಿಮೆ. ಸಂಜೆಯ ಉರಿಬಿಸಿಲಿನ ಹೊತ್ತಿಗೆ ಕಿರಣಗಳು ಓರೆಯಾಗಿ ಬೀಳುವುದರಿಂದ ಹಣ್ಣು ಬೇಯುವುದೂ ಕಡಿಮೆ. ಸಾಲುಗಳನ್ನು ಇಲ್ಲಿ ಗುಡ್ಡದ ಸೊಂಟ ಬಳಸಿ, ಸಮಪಾತಳಿಯಲ್ಲಿ ನೆಡುತ್ತಾರೆ. ಮರಳು ಬೆರೆತ ಇಳಿಜಾರಿನಲ್ಲಿ ಒಂದು ಜೋರು ಮಳೆ ಮೇಲ್ಮಣ್ಣನ್ನೆಲ್ಲ ಕೆಳಗಿನ ಹಳ್ಳಕ್ಕೆ ಒಯ್ಯಬಲ್ಲದು. ಅಡ್ಡಸಾಲುಗಳು ಮತ್ತು ಅವುಗಳ ನಡುವೆ ಬೆಳೆಯಲು ಬಿಟ್ಟ ಹುಲ್ಲು ಅದನ್ನು ತಡೆಯುತ್ತವೆ. ಆದರೂ ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳು, ಬುಡದಲ್ಲಿ ದಪ್ಪ. ಬುಡದ ಬಳ್ಳಿ ಸೊಕ್ಕಿ ಬೆಳೆಯುತ್ತದೆ, ನೆತ್ತಿಯದು ಸೊರಗುತ್ತದೆ, ನಡುಮಟ್ಟದ್ದು ಹದವಾಗಿರುತ್ತದೆ.

ನಡುಮಟ್ಟಕ್ಕೆ ಹವೆಯ ದಿಕ್ಕಿನಿಂದಲೂ ಒಂದು ಅನುಕೂಲವಿದೆ. ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ; ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಇಳಿಯುವಂತೆ ಅದು ಇಳಿಜಾರು ಹಿಡಿದು ಕಣಿವೆಗೆ ಇಳಿದು ಅಲ್ಲಿ ತುಂಬಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಎಳೆ ಕುಡಿಗಳನ್ನು ಸುಡುವುದು ಈ ತುಂಬಿದ ತಣ್ಣನೆಯ ಗಾಳಿ. ಅಕ್ಟೋಬರ್‌ನಲ್ಲಿ ಕಣಿವೆಯ ದಟ್ಟ ಮಂಜು ಹುಟ್ಟುವುದೂ ಇದರೊಳಗೆಯೇ. ಗುಡ್ಡದ ನಡುಭಾಗ ಆ ಮಟ್ಟಕ್ಕಿಂತ ಮೇಲಿದ್ದು ಬೆಚ್ಚಗಿರುತ್ತದೆ. ಇನ್ನೂ ಮೇಲಕ್ಕೆ ಹೋದರೆ ಎತ್ತರದ ತಂಪು ಶುರುವಾಗುತ್ತದೆ: ಪ್ರತಿ 100 ಮೀಟರಿಗೆ ಸರಾಸರಿ 0.6 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಕನ್ನೂಬಿಯ ತೋಟಗಳು ಸುಮಾರು 220ರಿಂದ 300 ಮೀಟರ್ ಎತ್ತರದಲ್ಲಿವೆ. ವಾಯವ್ಯಕ್ಕೆ ಕಾಣುವ ಲಾ ಮೊರ್ರಾ ಊರು 500 ಮೀಟರಿಗೂ ಮೇಲಿದೆ. ಲಾ ಮೊರ್ರಾದ ಎತ್ತರದ ತೋಟಗಳಲ್ಲಿ ಕೊಯ್ಲು ಕೆಲವು ದಿನ ತಡವಾಗುವುದಕ್ಕೆ ಈ ಒಂದು ಡಿಗ್ರಿಯ ಆಚೀಚಿನ ವ್ಯತ್ಯಾಸವೇ ಸಾಕು.

ಕನ್ನೂಬಿ ತಗ್ಗು ಗುಡ್ಡ ಎನ್ನುವುದೇ ಅದರ ಪುಣ್ಯ. ಸುತ್ತಲಿನ ಎತ್ತರದ ದಿಣ್ಣೆಗಳು ಅದನ್ನು ಬಳಸಿ ನಿಂತಿರುವುದರಿಂದ ಬಿರುಗಾಳಿ ಮತ್ತು ಆಲಿಕಲ್ಲು ಮಳೆಯ ಹೊಡೆತ ಇಲ್ಲಿ ಸ್ವಲ್ಪ ತಗ್ಗುತ್ತದೆ ಎಂದು ಅಲ್ಲಿನ ಬೆಳೆಗಾರರು ಹೇಳುತ್ತಾರೆ. ಪಶ್ಚಿಮದಲ್ಲಿ ಆಲ್ಪ್ಸ್ ಪರ್ವತಗಳ ದೊಡ್ಡ ಕಮಾನು, ದಕ್ಷಿಣದಲ್ಲಿ ಲಿಗುರಿಯಾದ ಕಡಲನ್ನು ಮರೆಮಾಡುವ ಬೆಟ್ಟಗಳು. ಹಾಗಾಗಿ ಹಗಲು ಬೆಚ್ಚಗೆ, ರಾತ್ರಿ ಆಲ್ಪ್ಸ್ ಕಡೆಯ ತಂಪು. ಸೆಪ್ಟೆಂಬರ್ ದಾಟಿದ ಮೇಲೆ ರಾತ್ರಿಗಳು ಇನ್ನಷ್ಟು ತಂಪಾಗುತ್ತ ಹೋಗುತ್ತವೆ. ಬಿಸಿ ರಾತ್ರಿಗಳಲ್ಲಿ ಹಣ್ಣು ತನ್ನ ಮ್ಯಾಲಿಕ್ ಆಮ್ಲವನ್ನು ಉರಿಸಿಕೊಂಡುಬಿಡುತ್ತದೆ, ತಂಪು ರಾತ್ರಿಗಳಲ್ಲಿ ಹುಳಿ ಉಳಿಯುತ್ತದೆ. ಹಗಲಿನ ಬಿಸಿಲು ಸಕ್ಕರೆ ಕೂಡಿಸುತ್ತಿರುವಾಗ ರಾತ್ರಿಯ ತಂಪು ಹುಳಿಯನ್ನೂ ಪರಿಮಳವನ್ನೂ ಕಾಯುತ್ತದೆ, ಮತ್ತು ಈ ಎರಡರ ಆಶ್ರಯದಲ್ಲಿ ಒಗರು ತನ್ನ ಪಾಡಿಗೆ ತಾನು ಮಾಗುತ್ತದೆ. ಕೊಯ್ಲಿನ ದಿನ ಗೊತ್ತುಮಾಡುವ ಮೊದಲು ಸಕ್ಕರೆಯ ಮಾಪಕ ಏನೇ ಹೇಳಲಿ, ಅನುಭವಸ್ಥ ಬೆಳೆಗಾರರು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು ಬೀಜವನ್ನು ಅಗಿದು ನೋಡುತ್ತಾರೆ. ಹಸಿರು ಬೀಜ ಹಲ್ಲಿಗೆ ಮೆತ್ತಗೆ ಸಿಕ್ಕಿ ಕಹಿ ಬಿಡುತ್ತದೆ. ಮಾಗಿದ್ದು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿ ಒಡೆಯುತ್ತದೆ.

ಇಷ್ಟೆಲ್ಲ ಕಾರಣಗಳು ಕೂಡಿದ ನೆಲದ ಗಡಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಬಂದಾಗ ಜಗಳವಾಗುವುದು ಸಹಜ. ಗುಡ್ಡದ ಮೇಲೆ ಐದು ಹೆಸರುಗಳಿವೆ: ನಡುವಿನ ಕನ್ನೂಬಿ, ಉತ್ತರ ತುದಿಯ ಕನ್ನೂಬಿ ಬೋಸ್ಕಿಸ್, ಮತ್ತೆ ಸಾನ್ ಲೊರೆಂಜೋ, ಮುಸ್ಕತೆಲ್, ವಲ್ಲೆತ್ತಾ. ಒಟ್ಟು ಸುಮಾರು 34 ಹೆಕ್ಟೇರ್. ಅದರಲ್ಲಿ ನಡುವಿನ ಭಾಗ ಸುಮಾರು 15. ಬರೋಲೋದ ತೋಟಗಳ ಹೆಸರುಗಳನ್ನು 2010ರಲ್ಲಿ ಅಧಿಕೃತವಾಗಿ ನಿಗದಿ ಮಾಡಿದಾಗ ಉಳಿದ ನಾಲ್ಕು ಭಾಗಗಳವರೂ ಬರೀ ಕನ್ನೂಬಿ ಎಂದು ಲೇಬಲ್ ಮೇಲೆ ಬರೆಯಬಹುದೇ ಎಂಬ ವಿವಾದ ನ್ಯಾಯಾಲಯಕ್ಕೆ ಹೋಯಿತು. ಕೆಳಗಿನ ಆಡಳಿತ ನ್ಯಾಯಾಲಯ 2012ರಲ್ಲಿ ಬರೆಯಬಾರದೆಂದಿತು. ಮೇಲಿನದು 2013ರಲ್ಲಿ ಆ ತೀರ್ಪನ್ನು ತಳ್ಳಿಹಾಕಿ ಬರೆಯಬಹುದೆಂದಿತು. ಇಡೀ ಗುಡ್ಡವನ್ನು ಜನ ಕನ್ನೂಬಿ ಎಂದೇ ಕರೆಯುತ್ತ ಬಂದಿದ್ದಾರೆ ಎಂಬುದು ಒಂದು ವಾದ. ಮಣ್ಣೂ ಮುಖವೂ ಬದಲಾಗುವಲ್ಲಿ ಹೆಸರೂ ಬದಲಾಗಬೇಕೆಂಬುದು ಇನ್ನೊಂದು. ನನಗೆ ಎರಡನೆಯ ವಾದದಲ್ಲಿ ಹೆಚ್ಚು ತೂಕ ಕಾಣುತ್ತದೆ. ವಿವರವಾದ ಹೆಸರು ಓದುಗರಿಗೆ ಕೊಂಚ ತೊಡಕಾದರೂ ನೆಲದ ಬಗ್ಗೆ ಹೆಚ್ಚು ನಿಜ ಹೇಳುತ್ತದೆ.

ಹೆಸರಿನ ಈ ಹುಚ್ಚನ್ನೇ ಒಪ್ಪದ ಬೆಳೆಗಾರರೂ ಇಲ್ಲಿದ್ದರು. 2005ರಲ್ಲಿ ತೀರಿಕೊಂಡ ಬರ್ತೋಲೋ ಮಸ್ಕರೆಲ್ಲೋ ಅವರಿಗೆ ಕನ್ನೂಬಿಯಲ್ಲಿ, ಅದರ ಸಾನ್ ಲೊರೆಂಜೋ ಭಾಗದಲ್ಲಿ, ರುಯೆಯಲ್ಲಿ, ಲಾ ಮೊರ್ರಾದ ರೊಕ್ಕೆಯಲ್ಲಿ ತೋಟಗಳಿದ್ದವು. ನಾಲ್ಕರ ಹಣ್ಣನ್ನೂ ಸೇರಿಸಿ ಒಂದೇ ಬರೋಲೋ ಮಾಡುವ ಹಳೆಯ ಪದ್ಧತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಅವರ ಮನೆ ಇಂದಿಗೂ ಬಿಟ್ಟಿಲ್ಲ. ಒಂದು ತೋಟಕ್ಕೆ ಆಲಿಕಲ್ಲು ಬಿದ್ದ ವರ್ಷ ಇನ್ನೊಂದು ಉಳಿದಿರುತ್ತದೆ. ಒಂದರ ಪರಿಮಳಕ್ಕೆ ಇನ್ನೊಂದರ ಗಡಸು ಒತ್ತಾಸೆಯಾಗುತ್ತದೆ. ಇದನ್ನು ನೆಲದ ಗುಣವನ್ನು ಅಲ್ಲಗಳೆಯುವ ಪದ್ಧತಿ ಎಂದು ತಿಳಿಯುವುದು ಸರಿಯಲ್ಲ. ಒಂದೊಂದು ನೆಲದ ಗುಣ ಚೆನ್ನಾಗಿ ಗೊತ್ತಿಲ್ಲದೆ ಹೀಗೆ ಬೆರೆಸುವುದು ಸಾಧ್ಯವೇ ಇಲ್ಲ.

ಈಗ ಈ ಲೆಕ್ಕಗಳೆಲ್ಲ ಬದಲಾಗುತ್ತಿವೆ. ನೆಬ್ಬಿಯೋಲೋ ಕೊಯ್ಲು ಅಕ್ಟೋಬರ್‌ನ ಕೊನೆಯಿಂದ ಮೊದಲ ವಾರಗಳಿಗೆ, ಬಿಸಿ ವರ್ಷಗಳಲ್ಲಿ ಸೆಪ್ಟೆಂಬರ್‌ಗೂ, ಸರಿದಿದೆ. 2003, 2017, 2022ರಂಥ ವರ್ಷಗಳಲ್ಲಿ ಚಳಿಯ ಮಾತಿರಲಿ, ಬರವೇ ದೊಡ್ಡ ಚಿಂತೆಯಾಯಿತು. ಸಕ್ಕರೆ ಓಡುತ್ತಿದೆ, ಒಗರು ಹಿಂದೆ ಉಳಿಯುತ್ತಿದೆ. ನೂರಾರು ವರ್ಷ ಬಿಸುಪನ್ನು ಕೂಡಿಹಾಕಲು ಹೊಂದಿಸಿಕೊಂಡಿದ್ದ ಗುಡ್ಡದಲ್ಲಿ ಈಗ ಅದನ್ನು ತಡೆಯುವ ಉಪಾಯಗಳು ಬೇಕಾಗಿವೆ: ಬೆಳಕು ಬೀಳಲೆಂದು ಗೊಂಚಲಿನ ಸುತ್ತ ಕಿತ್ತುಹಾಕುತ್ತಿದ್ದ ಎಲೆಗಳನ್ನು ನೆರಳಿಗಾಗಿ ಉಳಿಸುವುದು, ಕುಡಿಯ ತುದಿ ಕತ್ತರಿಸದೆ ಸುತ್ತಿಡುವುದು, ಸಾಲುಗಳ ನಡುವಿನ ಹುಲ್ಲನ್ನು ಕೊಯ್ಯದೆ ಮಲಗಿಸಿ ಮಣ್ಣಿಗೆ ಹೊದಿಕೆ ಮಾಡುವುದು. ಕನ್ನೂಬಿಯ ಒಳಗೆ ಮರಳು ಹೆಚ್ಚಿರುವ ಮೇಲ್ಭಾಗದ ತುಂಡುಗಳು ಮೊದಲು ಬಾಯಾರುತ್ತವೆ, ಆಳವಾದ ಮಾರ್ಲ್ ಇರುವ ತುಂಡುಗಳು ಇನ್ನೂ ತಾಳುತ್ತವೆ. ಒಂದೇ ಗುಡ್ಡದ ಐದು ಭಾಗಗಳ ನಡುವಿನ ಅಂತರ ಇಂಥ ವರ್ಷಗಳಲ್ಲಿ ತಂಪು ವರ್ಷಗಳಿಗಿಂತ ಹೆಚ್ಚು ಎದ್ದು ಕಾಣುತ್ತದೆ ಎಂಬುದು ನನ್ನ ಎಣಿಕೆ.

ಹಳೆಯ ಬಳ್ಳಿ ಕಿತ್ತು ಹೊಸದು ನೆಡುವ ಬೆಳೆಗಾರರ ಮುಂದೆ ಇರುವ ನಿರ್ಧಾರ ಇದರಿಂದ ಇನ್ನಷ್ಟು ಕಷ್ಟವಾಗಿದೆ. ಇಂದು ನೆಟ್ಟ ನೆಬ್ಬಿಯೋಲೋ ನಲವತ್ತು ಐವತ್ತು ವರ್ಷ ಅದೇ ಜಾಗದಲ್ಲಿ ನಿಲ್ಲುತ್ತದೆ. ಬೆಳವಣಿಗೆ ತಗ್ಗಿಸುವ ಬೇರುಗಿಡವೇ, ಬರ ತಾಳುವ ಆಳಬೇರಿನದ್ದೇ, ಬೇಗ ಮಾಗುವ ಉಪತಳಿಯೇ, ತಡವಾಗಿ ಮಾಗುವುದೇ ಎಂಬುದನ್ನು ಈಗಲೇ ತೀರ್ಮಾನಿಸಬೇಕು. 2060ರ ದಶಕದ ಅಕ್ಟೋಬರ್ ಹೇಗಿರುತ್ತದೆ ಎಂದು ಊಹಿಸಿ, ಒಂದೊಂದು ತುಂಡು ಹೊಲದ ಮರಳು, ಮಾರ್ಲ್, ಮುಖ, ಎತ್ತರಗಳನ್ನು ಮತ್ತೆ ಮೊದಲಿನಿಂದ ಓದಿಕೊಂಡು ಅವರು ಸಸಿ ಆರಿಸುತ್ತಿದ್ದಾರೆ.